ಡಾರ್ಮೆಕ್ಸ್: ಹಚ್ಚುವ ಮುನ್ನ, ಹಚ್ಚಿದ ಮೇಲೆ

ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಶುರುವಾಯಿತೆಂದರೆ ಇಂಡಿ, ಬಸವನ ಬಾಗೇವಾಡಿ ಕಡೆಯ ದ್ರಾಕ್ಷಿ ಪಡಗಳಲ್ಲಿ ಕತ್ತರಿಯ ಬೆನ್ನಿಗೇ ಬಕೆಟ್ಟುಗಳೂ ಬರುತ್ತವೆ. ಒಬ್ಬರು ಕಡ್ಡಿ ಕತ್ತರಿಸುತ್ತ ಮುಂದೆ ಹೋದರೆ, ಹಿಂದಿನಿಂದ ಕೂಲಿಯವರು ಬಕೆಟ್ಟಿನ ದ್ರಾವಣದಲ್ಲಿ ಸ್ಪಂಜೋ ಅರಿವೆಯೋ ಅದ್ದಿ ತುದಿಯ ಕಣ್ಣುಗಳಿಗೆ ಸವರುತ್ತ ಸಾಗುತ್ತಾರೆ. ಈ ಕೆಲಸದಲ್ಲಿ ಹೆಣ್ಣಾಳುಗಳೇ ಹೆಚ್ಚು. ಬಕೆಟ್ಟಿನಲ್ಲಿರುವುದು ಹೈಡ್ರೋಜನ್ ಸಯನಮೈಡ್. ರೈತರ ಬಾಯಲ್ಲಿ ಅದು ಡಾರ್ಮೆಕ್ಸ್.

ದ್ರಾಕ್ಷಿ ಮೂಲತಃ ಚಳಿಯ ಸೀಮೆಯ ಬಳ್ಳಿ. ಚಳಿಗಾಲದ ನಿದ್ದೆ ಮುಗಿಸಿ ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯುವುದು ಅದರ ಸ್ವಭಾವ. ವಿಜಯಪುರದ ಬಿಸಿಲಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಬಿಟ್ಟರೆ ಒಂದು ಕಣ್ಣು ಇಂದು, ಇನ್ನೊಂದು ಹದಿನೈದು ದಿನಕ್ಕೆ ಒಡೆದು, ಗೊನೆಗಳೂ ಹಿಂದುಮುಂದಾಗುತ್ತವೆ. ಈ ರಾಸಾಯನಿಕ ಕಣ್ಣುಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಅದಕ್ಕೇ ಚಾಟ್ನಿಯಾದ ಒಂದೆರಡು ದಿನದೊಳಗೆ ಹಚ್ಚಿ ಮುಗಿಸುವ ಅವಸರ. ಎಡವಟ್ಟುಗಳು ಆಗುವುದೂ ಆ ಅವಸರದಲ್ಲೇ.

ಮೊದಲ ಎಚ್ಚರಿಕೆ: ಸಾರಾಯಿ ದೂರ

ಕುಡಿದ ಮದ್ಯವನ್ನು ದೇಹ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕ್ಕೆ ಇಳಿಸಿ, ಆಮೇಲೆ ಅದನ್ನೂ ಕರಗಿಸುತ್ತದೆ. ಸಯನಮೈಡ್ ಮೈಸೇರಿದ್ದರೆ ಈ ಎರಡನೆಯ ಹಂತ ನಿಂತುಹೋಗುತ್ತದೆ. ಆಗ ಮುಖ, ಕುತ್ತಿಗೆ, ಎದೆ ಕೆಂಪಡರುತ್ತವೆ. ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಉಸಿರು ಕಟ್ಟುತ್ತದೆ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಇದು ಹೊಸ ಸಂಗತಿಯಲ್ಲ. ಸಯನಮೈಡ್ ಗೊಬ್ಬರದ ಕಾರ್ಖಾನೆಗಳ ಕೆಲಸಗಾರರು ಕುಡಿದಾಗ ಹೀಗಾಗುವುದನ್ನು ಜರ್ಮನಿಯ ವೈದ್ಯ ಕೋಲ್ಷ್ 1914ರಲ್ಲೇ ಬರೆದಿಟ್ಟಿದ್ದರು. ಮುಂದೆ ಕೆಲವು ದೇಶಗಳಲ್ಲಿ ಇದೇ ಗುಣವನ್ನು ಕುಡಿತ ಬಿಡಿಸುವ ಔಷಧಿಯಾಗಿ ಬಳಸಿದರು. 2001ರಲ್ಲಿ ಇಟಲಿಯ ಸಿಸಿಲಿಯಲ್ಲಿ ಇದನ್ನು ಬಳಸಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಐರೋಪ್ಯ ಒಕ್ಕೂಟ 2008ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿತು. ಭಾರತದಲ್ಲಿ ಬಳಕೆಗೆ ಅವಕಾಶ ಇದೆ.

ಆದ್ದರಿಂದ ಹಚ್ಚುವ ಹಿಂದಿನ ದಿನದಿಂದ ಹಿಡಿದು, ಕೆಲಸ ಮುಗಿದ ಒಂದು ವಾರದ ತನಕ ಮದ್ಯ ಮುಟ್ಟಬಾರದು. ಆಲ್ಕೋಹಾಲ್ ಬೆರೆತ ಟಾನಿಕ್, ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ಕೂಲಿ ಲೆಕ್ಕ ಮಾಡುವ ಸಂಜೆಯಲ್ಲ, ಆಳು ಗೊತ್ತು ಮಾಡುವ ದಿನವೇ ತೋಟದ ಮಾಲೀಕರು ಇದನ್ನು ಬಾಯಿಬಿಟ್ಟು ಹೇಳಬೇಕು. ಕುಡಿದು ಬಂದವರನ್ನು ಅಂದು ಬೇರೆ ಕೆಲಸಕ್ಕೆ ಹಚ್ಚಬೇಕು.

ಬೆರೆಸುವುದು, ಹಚ್ಚುವುದು

ಡಬ್ಬಿಯಲ್ಲಿ ಸುಮಾರು ಅರ್ಧದಷ್ಟು ಸಯನಮೈಡ್ ಇರುತ್ತದೆ. ಲೀಟರ್ ನೀರಿಗೆ 30ರಿಂದ 40 ಮಿ.ಲೀ. ಬೆರೆಸುವುದು ರೂಢಿ, ಅಂದರೆ ಹತ್ತು ಲೀಟರಿನ ಬಕೆಟ್ಟಿಗೆ 300–400 ಮಿ.ಲೀ. ಲೇಬಲ್ಲಿನಲ್ಲಿರುವ ಪ್ರಮಾಣವೇ ಅಂತಿಮ. ನೀರು ಬೆರೆಸದ ದ್ರವ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಇನ್ನೂ ಅಪಾಯ. ಹಾಗಾಗಿ ಡಬ್ಬಿ ತೆರೆದು ಅಳೆಯುವ ಹೊತ್ತಿನಲ್ಲೇ ಹೆಚ್ಚಿನ ಜೋಕೆ ಬೇಕು.

1. ಬಕೆಟ್ಟು, ಅಳತೆಯ ಲೋಟ ಪ್ಲಾಸ್ಟಿಕ್ಕಿನದೇ ಇರಲಿ. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ, ತಗಡಿನ ಪಾತ್ರೆಗಳನ್ನು ಇದು ತಿನ್ನುತ್ತದೆ.
2. ನೈಟ್ರೈಲ್ ಅಥವಾ ರಬ್ಬರ್ ಕೈಗವಸು, ಕನ್ನಡಕ, ತುಂಬುತೋಳಿನ ಅಂಗಿ, ಬೂಟು ಕಡ್ಡಾಯ. ನೂಲಿನ ಕೈಗವಸು ದ್ರಾವಣ ಹೀರಿಕೊಂಡು ದಿನವಿಡೀ ಚರ್ಮಕ್ಕೆ ಅಂಟಿರುತ್ತದೆ. ಅದು ಬೇಡವೇ ಬೇಡ.
3. ಬೆರಳಿನಲ್ಲಿ ಸ್ಪಂಜು ಹಿಂಡುವ ಬದಲು ಗೇಣುದ್ದದ ಕೋಲಿನ ತುದಿಗೆ ಸ್ಪಂಜು ಕಟ್ಟಿಕೊಳ್ಳಿ. ಕಡ್ಡಿಗಳು ತಲೆಯ ಮಟ್ಟದಲ್ಲಿರುವುದರಿಂದ ಎತ್ತಿದ ಕೈಯಿಂದ ದ್ರಾವಣ ಮೊಳಕೈಗೆ, ಅಲ್ಲಿಂದ ಕಂಕುಳಿಗೆ ಇಳಿಯುತ್ತದೆ. ಕೈಗವಸಿನ ಅಂಚನ್ನು ಹೊರಕ್ಕೆ ಮಡಚಿದರೆ ಹನಿ ಅಲ್ಲೇ ನಿಲ್ಲುತ್ತದೆ.
4. ಕೆಲಸದ ನಡುವೆ ಎಲೆಯಡಿಕೆ, ಗುಟಕಾ, ಬೀಡಿ, ಊಟ ಬೇಡ. ಸಾಬೂನು ಹಚ್ಚಿ ಕೈಮುಖ ತೊಳೆದ ಮೇಲೆಯೇ ಬುತ್ತಿ ಬಿಚ್ಚಬೇಕು.
5. ಅಂದು ಬೆರೆಸಿದ್ದು ಅಂದೇ ಮುಗಿಯಬೇಕು. ಹಚ್ಚಿದ ಪಡದೊಳಗೆ ಮಕ್ಕಳು, ದನಕರು ಸುಳಿಯದಂತೆ ನೋಡಿಕೊಳ್ಳಿ.
6. ಮನೆಗೆ ಹೋಗುತ್ತಲೇ ಜಳಕ. ಕೆಲಸದ ಅರಿವೆಗಳನ್ನು ಬೇರೆಯೇ ಒಗೆಯಬೇಕು.

ಎಲ್ಲಿ ಇಡಬೇಕು?

ಇದನ್ನು 20 ಡಿಗ್ರಿಗಿಂತ ತಂಪಾದ ಜಾಗದಲ್ಲಿ ಇಡಬೇಕು. ಕಾವೇರಿದರೆ ದ್ರವ ತಾನಾಗಿಯೇ ವಿಭಜನೆಗೊಂಡು ಶಾಖ ಉಗುಳುತ್ತದೆ, ಡಬ್ಬಿ ಉಬ್ಬಿ ಸಿಡಿಯಲೂಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸಿಂದಗಿ, ಮುದ್ದೇಬಿಹಾಳದ ಊರುಗಳಲ್ಲಿ ಪತ್ರಾಸ್ ಶೆಡ್ಡಿನೊಳಗೆ ವರ್ಷಗಟ್ಟಲೆ ಇಡುವ ವಸ್ತು ಇದಲ್ಲ. ಎಷ್ಟು ಎಕರೆಗೆ ಬೇಕೋ ಅಷ್ಟೇ, ಚಾಟ್ನಿಯ ವಾರದಲ್ಲಿ ಕೊಂಡರೆ ಉಳಿಕೆಯ ತಾಪತ್ರಯವೇ ಇರದು.

ಅಂಗಡಿಯಿಂದ ಬಂದ ಡಬ್ಬಿಯಲ್ಲೇ ಇರಲಿ, ನೀರಿನ ಬಾಟಲಿಗೆ ಸುರಿದಿಡಬೇಡಿ. ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣ, ಮೈಲುತುತ್ತು ಅದೇ ಮೂಲೆಯಲ್ಲಿರುವುದು ಸಾಮಾನ್ಯ. ಸುಣ್ಣ, ಆಮ್ಲಗಳ ಜತೆ ಇದು ಜೋರಾಗಿ ವರ್ತಿಸುವುದರಿಂದ ಅವುಗಳಿಂದ ಇದನ್ನು ದೂರ ಇಡಬೇಕು. ಕೋಣೆಗೆ ಕೀಲಿ ಇರಲಿ.

ಚೆಲ್ಲಿದರೆ ನೀರು ಹಾಕಿ ಗಟಾರಕ್ಕೆ ನೂಕಬೇಡಿ. ಒಣ ಮರಳು, ಮಣ್ಣು ಹಾಕಿ ಹೀರಿಸಿ, ಪ್ಲಾಸ್ಟಿಕ್ ಬುಟ್ಟಿಗೆ ತುಂಬಿ. ಬಿಗಿಯಾಗಿ ಮುಚ್ಚಬೇಡಿ.

ಉಳಿದದ್ದು, ಖಾಲಿ ಡಬ್ಬಿ

ಬೆರೆಸಿದ ದ್ರಾವಣ ತುಸು ಉಳಿದರೆ ಅದೇ ಪಡದಲ್ಲಿ ಇನ್ನೂ ಹಚ್ಚದ ಸಾಲಿಗೆ ಬಳಸಿ. ಸಯನಮೈಡ್ ಮಣ್ಣಿನಲ್ಲಿ ಯೂರಿಯಾ ಆಗಿ, ಮುಂದೆ ನೈಟ್ರೇಟ್ ಆಗಿ ಕೆಲವು ವಾರಗಳಲ್ಲಿ ಕರಗುತ್ತದೆ. ಅದೊಂದು ಸಮಾಧಾನ. ಆದರೆ ಒಂದೇ ಕಡೆ ಸುರಿದರೆ ಬೇರು ಸುಡುತ್ತದೆ, ಕೃಷಿ ಹೊಂಡಕ್ಕೆ ಬಿದ್ದರೆ ಮೀನು ಸಾಯುತ್ತವೆ. ಇಂಡಿ, ಸಿಂದಗಿಯ ಉತ್ತರಕ್ಕೆ ಭೀಮಾ, ಬಾಗೇವಾಡಿ, ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣಾ. ಹಳ್ಳದಲ್ಲಿ ತೊಳೆದ ಬಕೆಟ್ಟಿನ ನೀರು ಕೊನೆಗೆ ಈ ಎರಡರಲ್ಲಿ ಒಂದನ್ನು ಸೇರುತ್ತದೆ.

ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಹಚ್ಚುವ ದ್ರಾವಣಕ್ಕೇ ಸೇರಿಸಿ. ಆಮೇಲೆ ತಳಕ್ಕೆ ತೂತು ಹಾಕಿ. ಬಳಸಿದ ಡಬ್ಬಿ ಹೊರಗೆ ಬಿಸಾಡಬಾರದು, ಮರುಬಳಕೆ ಆಗದಂತೆ ಒಡೆದು ವಸತಿಯಿಂದ ದೂರ ಹೂಳಬೇಕು ಎನ್ನುತ್ತವೆ 1971ರ ಕೀಟನಾಶಕ ನಿಯಮಗಳು. ಸುಟ್ಟರೆ ವಿಷದ ಹೊಗೆ ಏಳುತ್ತದೆ. ಗುಜರಿಗೆ ಹಾಕಿದರೆ ಯಾರ ಮನೆಯ ಎಣ್ಣೆ ಡಬ್ಬಿಯಾಗುತ್ತದೋ ಹೇಳಲಾಗದು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಬೆರೆತಿತ್ತು. ಅವಧಿ ಮೀರಿದ ದ್ರವ ಉಳಿದಿದ್ದರೆ ಚೆಲ್ಲುವ ಮುನ್ನ ಮಾರಿದ ಅಂಗಡಿಯವರನ್ನೋ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನೋ ಕೇಳಬೇಕು.

ಹೆಚ್ಚುಕಮ್ಮಿಯಾದರೆ

ಮೈಗೆ ಬಿದ್ದರೆ ಅರಿವೆ ಕಳಚಿ, ಹದಿನೈದು ನಿಮಿಷ ನೀರು ಸುರಿಯಬೇಕು. ಕಣ್ಣಿಗೂ ಅಷ್ಟೇ ಹೊತ್ತು. ನುಂಗಿದ್ದರೆ ವಾಂತಿ ಮಾಡಿಸಬಾರದು. ಮುಖ ಕೆಂಪಾಗಿ ಉಸಿರು ಏರಿದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಕೊಡಬೇಕು. ಡಬ್ಬಿಯ ಲೇಬಲ್ ಜತೆಗೆ ಒಯ್ಯಿರಿ. ಕುಡಿದಿದ್ದರೆ ಮುಚ್ಚಿಡದೆ, ಎಷ್ಟು ಹೊತ್ತಿಗೆ ಕುಡಿದದ್ದು ಎಂಬುದನ್ನೂ ಸೇರಿಸಿ ವೈದ್ಯರಿಗೆ ಹೇಳಿ.