ವಿಡಾಲ್ ಪಾಸಿಟಿವ್ ಅಂದಾಕ್ಷಣ ಟೈಫಾಯಿಡ್ ಅಲ್ಲ

ಮೂರು ದಿನ ಜ್ವರ ಬಿಡದಿದ್ದರೆ ಲ್ಯಾಬಿಗೆ ಹೋಗಿ ವಿಡಾಲ್ ಮಾಡಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಸಂಜೆಗೆ ರಿಪೋರ್ಟ್ ಬರುತ್ತದೆ: ಟಿಓ 1:80, ಟಿಎಚ್ 1:160, ಕೆಳಗೆ ‘ಪಾಸಿಟಿವ್’. ಅಂದಿನಿಂದಲೇ ಗಂಜಿ, ಇಂಜೆಕ್ಷನ್ ಶುರು.

ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ 1896ರಲ್ಲಿ ಬಳಕೆಗೆ ತಂದ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಈ ಪ್ರತಿಕಾಯಗಳು ರೋಗಾಣುವಿನ ದಾಯಾದಿಗಳಿಗೂ ಅಂಟಿಕೊಳ್ಳುವುದುಂಟು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಮೇಲ್ಮೈಯಲ್ಲಿ 9 ಮತ್ತು 12 ಎಂದು ಗುರುತಿಸುವ ‘ಓ’ ಅಂಶಗಳಿವೆ. ಸರಿಯಾಗಿ ಬೇಯದ ಮೊಟ್ಟೆಯಿಂದ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್‌ನಲ್ಲೂ ಇವೆರಡೂ ಇವೆ. ಮಲೇರಿಯಾ, ಡೆಂಗಿ ರೋಗಿಗಳಲ್ಲೂ ವಿಡಾಲ್ ಪಾಸಿಟಿವ್ ಬಂದದ್ದಿದೆ. ಹಾಗಾದರೆ ಏನು ಮಾಡಬೇಕು?

1. ಜ್ವರದ ದಿನ ಲೆಕ್ಕವಿಡಿ. ಪ್ರತಿಕಾಯಗಳು ಸಾಮಾನ್ಯವಾಗಿ ಮೊದಲ ವಾರದ ಕೊನೆಗೆ ಕಾಣಿಸಿಕೊಳ್ಳುತ್ತವೆ. ಎರಡನೇ ದಿನವೇ ವಿಡಾಲ್ ಮಾಡಿಸಿದರೆ ನೆಗೆಟಿವ್ ಬಂದರೂ ನೆಚ್ಚುವಂತಿಲ್ಲ, ಪಾಸಿಟಿವ್ ಬಂದರೂ ನೆಚ್ಚುವಂತಿಲ್ಲ.

2. ಆಂಟಿಬಯಾಟಿಕ್‌ಗೆ ಮೊದಲು ಬ್ಲಡ್ ಕಲ್ಚರ್. ಟೈಫಾಯಿಡ್ ಅನುಮಾನವಿದ್ದರೆ ಮೊದಲ ಡೋಸ್‌ಗೆ ಮುಂಚೆಯೇ ಕಲ್ಚರ್‌ಗೆ ರಕ್ತ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ದೊಡ್ಡವರಿಂದ 8ರಿಂದ 10 ಮಿ.ಲೀ. ತೆಗೆಯುತ್ತಾರೆ, ಅಷ್ಟೊಂದೇಕೆ ಎಂದು ತಕರಾರು ಬೇಡ, ರೋಗಾಣು ರಕ್ತದಲ್ಲಿ ವಿರಳ. ಫಲಿತಾಂಶಕ್ಕೆ ಕೆಲವು ದಿನ ಬೇಕು. ರೋಗಾಣು ಬೆಳೆದರೆ ಯಾವ ಔಷಧ ನಾಟುತ್ತದೆ ಎಂಬುದೂ ಗೊತ್ತಾಗುತ್ತದೆ. ಆದರೆ ಹತ್ತರಲ್ಲಿ ಸುಮಾರು ನಾಲ್ಕು ಪ್ರಕರಣ ಕಲ್ಚರ್‌ನಲ್ಲೂ ತಪ್ಪಿಸಿಕೊಳ್ಳುತ್ತವೆ. ನೆಗೆಟಿವ್ ಬಂದರೆ ಟೈಫಾಯಿಡ್ ಇಲ್ಲವೇ ಇಲ್ಲ ಎನ್ನಲಾಗದು.

3. ‘ಪಾಸಿಟಿವ್’ ಬಿಟ್ಟು ಅಂಕಿ ನೋಡಿ. 1:80 ಎಂದರೆ ರಕ್ತದ ಸೀರಮ್ಮನ್ನು 80 ಪಟ್ಟು ತೆಳುಗೊಳಿಸಿದರೂ ರೋಗಾಣುಗಳು ಗುಂಪುಗಟ್ಟಿದವು ಎಂದರ್ಥ. ಟೈಫಾಯಿಡ್ ಹೆಚ್ಚಿರುವ ಪ್ರದೇಶಗಳಲ್ಲಿ ಆರೋಗ್ಯವಂತರಲ್ಲೂ ಈ ಮಟ್ಟ ಸಿಗುತ್ತದೆ. ಏಳರಿಂದ ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷಿಸಿದಾಗ ನಾಲ್ಕು ಪಟ್ಟು ಏರಿದ್ದರೆ, ಉದಾಹರಣೆಗೆ 1:40 ಇದ್ದದ್ದು 1:160 ಆಗಿದ್ದರೆ, ಅದಕ್ಕೆ ಬೆಲೆ ಹೆಚ್ಚು. ಪರೀಕ್ಷೆ ಸ್ಲೈಡ್ ವಿಧಾನದ್ದೋ ಟ್ಯೂಬ್ ವಿಧಾನದ್ದೋ ಎಂದೂ ವಿಚಾರಿಸಿ. ಸ್ಲೈಡ್ ಬೇಗ ಮುಗಿಯುತ್ತದೆ, ಆದರೆ ಕಣ್ಣಂದಾಜಿನ ಕೆಲಸ.

4. ಹಿಂದಿನದನ್ನು ಮುಚ್ಚಿಡಬೇಡಿ. ಹಿಂದೆ ಟೈಫಾಯಿಡ್ ಬಂದಿತ್ತೇ? ಲಸಿಕೆ ಹಾಕಿಸಿದ್ದೀರಾ? ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದೀರಾ? ಎಲ್ಲವನ್ನೂ ಹೇಳಿ. ರಿಪೋರ್ಟಿನಲ್ಲಿ ಟಿಎಚ್ ಎಂದು ಕಾಣುವ, ಹಳೆಯ ಸೋಂಕಿನ ‘ಎಚ್’ ಪ್ರತಿಕಾಯ ಬಹುಕಾಲ ಉಳಿಯುತ್ತದೆ. ಬೇರೆ ಜ್ವರ ಬಂದಾಗಲೂ ತಾತ್ಕಾಲಿಕವಾಗಿ ಏರಬಹುದು.

5. ಬೇರೆ ಜ್ವರಗಳನ್ನೂ ಹುಡುಕಿಸಿ. ಮಲೇರಿಯಾ, ಡೆಂಗಿ, ಇಲಿಜ್ವರಗಳ ಜೊತೆ ಸ್ಕ್ರಬ್ ಟೈಫಸ್ ನೆನಪಿರಲಿ. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಜ್ವರ ಇದು. ಕಂಕುಳು, ತೊಡೆಸಂದು, ಸೊಂಟ, ಮೊಲೆಯ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ನೋಡಿ, ಇದ್ದರೆ ವೈದ್ಯರಿಗೆ ತೋರಿಸಿ. ತುರಿಕೆ, ನೋವು ಇಲ್ಲದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ. ಎಲ್ಲರಲ್ಲೂ ಕಾಣುವುದೂ ಇಲ್ಲ. ಟೈಫಾಯಿಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಈ ಜ್ವರಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಔಷಧ ಬೇಕು. ವಿಡಾಲ್ ನಂಬಿ ಕೂತರೆ ಇಲ್ಲಿ ದಿನಗಳು ವ್ಯರ್ಥವಾಗುತ್ತವೆ.

6. ಗುಣವಾದ ಮೇಲೆ ವಿಡಾಲ್ ಬೇಡ. ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುವುದರಿಂದ ‘ಇನ್ನೂ ಪಾಸಿಟಿವ್’ ಎಂದು ಮತ್ತೊಂದು ಕೋರ್ಸ್ ಮಾತ್ರೆ ನುಂಗುವವರಿದ್ದಾರೆ. ಜ್ವರ ಮರುಕಳಿಸಿದರೆ ಕಲ್ಚರ್ ಮಾಡಿಸುವ ಬಗ್ಗೆ ವೈದ್ಯರ ಜೊತೆ ಮಾತಾಡಿ.

ಇದನ್ನು ಓದಿ ನಡುವೆಯೇ ಔಷಧ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿಯೇ ಬದಲಿಸಿ. ತೀವ್ರ ಹೊಟ್ಟೆನೋವು, ಕಪ್ಪು ಮಲ, ಉಸಿರಾಟದ ತೊಂದರೆ, ಮಾತು ತಡವರಿಸುವುದು, ಮಂಪರು ಕಂಡರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.