ಕಾಲಿನ ಮೂಳೆ ಹೇಳುವ ಎತ್ತರ: ಏಳು ಸೂತ್ರಗಳು

ಗುರುತು ಸಿಗದ ಅಸ್ಥಿ ಪತ್ತೆಯಾದಾಗ ಪೊಲೀಸರು ವೈದ್ಯರನ್ನು ಕೇಳುವುದು: ಗಂಡೋ ಹೆಣ್ಣೋ? ವಯಸ್ಸೆಷ್ಟು? ಎತ್ತರವೆಷ್ಟು? ಕೊನೆಯ ಪ್ರಶ್ನೆಗೆ ಕಾಲಿನ ಮೂಳೆಗಳಷ್ಟು ಚೆನ್ನಾಗಿ ಉತ್ತರ ಕೊಡುವ ಮೂಳೆಗಳು ಕಡಿಮೆ. ವಿಧಿವಿಜ್ಞಾನ ವೈದ್ಯಶಾಸ್ತ್ರ ಕಲಿಯುತ್ತಿರುವವರು ಈ ಏಳು ಮಾತು ನೆನಪಿಡಿ.

1. ಮೊದಲು ತೊಡೆಮೂಳೆ ನೋಡಿ. ಅದರ ಉದ್ದ ಎತ್ತರದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಟಿಬಿಯಾ ಕೂಡ ಸಿಕ್ಕಿದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ತಪ್ಪು ಕಡಿಮೆಯಾಗುತ್ತದೆ.

2. ಮೂಳೆ ಯಾರದೋ, ಸೂತ್ರವೂ ಅವರದೇ ಆಗಿರಲಿ. ಗಂಡಸಿಗೆ, ಹೆಂಗಸಿಗೆ, ಬೇರೆ ಬೇರೆ ಜನಸಮುದಾಯಗಳಿಗೆ ಸೂತ್ರಗಳು ಬೇರೆ. ಮೂಳೆಯ ತುದಿಗಳು ಇನ್ನೂ ಬೆಸೆದುಕೊಂಡಿಲ್ಲವೆಂದು ಸ್ಕ್ಯಾನ್ ತೋರಿಸಿದರೆ ವಯಸ್ಕರ ಸೂತ್ರ ಮುಟ್ಟಲೇಬೇಡಿ.

3. ಮೂರು ಆಯಾಮದಲ್ಲಿ ಅಳೆಯಿರಿ. ಎಕ್ಸ್‌ರೇ ಕಿರಣಗಳು ಹರಡಿಕೊಳ್ಳುವುದರಿಂದ ಚಿತ್ರದಲ್ಲಿ ಮೂಳೆ ದೊಡ್ಡದಾಗಿ ಕಾಣುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಆ ತೊಡಕಿಲ್ಲ; ಮಾಂಸ ಬಿಡಿಸದೆಯೇ ಅಳೆಯಬಹುದು. ಪದರಗಳು ತೆಳುವಾಗಿದ್ದಷ್ಟೂ ಅಳತೆ ನಿಖರ. ದೆಹಲಿಯ ಏಮ್ಸ್‌ನಲ್ಲಿ 2021ರಿಂದ ಸಿ.ಟಿ. ಆಧಾರಿತ ಮರಣೋತ್ತರ ಪರೀಕ್ಷೆ ನಡೆಯುತ್ತಿದೆ.

4. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ಖಚಿತಪಡಿಸಿಕೊಳ್ಳಿ. ಮಾನವಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ ಎರಡನೇ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಮೂಳೆಗಳನ್ನು ಹವಾಯಿಯಲ್ಲಿ ಅಳೆದರು. ಸಹಲೇಖಕಿ ಗ್ಲೆಸರ್ ಜೊತೆ 1952ರಲ್ಲಿ ಪ್ರಕಟಿಸಿದ ಸೂತ್ರಗಳು ಜಗತ್ತಿನೆಲ್ಲೆಡೆ ಬಳಕೆಗೆ ಬಂದವು. ಆದರೆ ಅವರು ಟಿಬಿಯಾ ಅಳೆಯುವಾಗ ಕಣಕಾಲಿನ ಒಳಬದಿಯ ಗಂಟನ್ನು ಬಿಟ್ಟಿದ್ದರೆಂದು 1995ರಲ್ಲಿ ಬೆಳಕಿಗೆ ಬಂತು. ಗಂಟನ್ನೂ ಸೇರಿಸಿ ಅಳೆದು ಅದೇ ಸೂತ್ರ ಹಾಕಿದವರಿಗೆ ಎತ್ತರ ಹೆಚ್ಚಾಗಿಯೇ ಸಿಗುತ್ತಿತ್ತು.

5. ಒಂದೇ ಅಂಕಿ ಬರೆಯಬೇಡಿ. ಅಮೆರಿಕದ ಬಿಳಿಯ ಗಂಡಸರಿಗೆ ಟ್ರಾಟರ್ ಕೊಟ್ಟ ಲೆಕ್ಕ ಹೀಗಿದೆ: ತೊಡೆಮೂಳೆಯ ಉದ್ದವನ್ನು 2.38ರಿಂದ ಗುಣಿಸಿ 61.41 ಕೂಡಿಸಬೇಕು. ಮೂಳೆ 45 ಸೆಂ.ಮೀ. ಇದ್ದರೆ ಎತ್ತರ 168.5 ಸೆಂ.ಮೀ. ಪ್ರಮಾಣಿತ ದೋಷ 3.27. ಅದರ ಎರಡು ಪಟ್ಟನ್ನು ಆಚೀಚೆ ಬಿಟ್ಟು '162ರಿಂದ 175' ಎಂದು ವರದಿಯಲ್ಲಿ ಬರೆಯಿರಿ. ವ್ಯಾಪ್ತಿಯನ್ನು ಕಿರಿದು ಮಾಡಿದರೆ, ನಿಜವಾದ ವ್ಯಕ್ತಿಯೇ ಹೋಲಿಸಬೇಕಾದವರ ಪಟ್ಟಿಯಿಂದ ಹೊರಗುಳಿದಾನು.

6. 'ಕಾಣೆಯಾಗಿದ್ದಾರೆ' ಪ್ರಕಟಣೆಯನ್ನು ಎಚ್ಚರದಿಂದ ಓದಿ. 'ಎತ್ತರ 5.6 ಅಡಿ, ಕೋಲು ಮುಖ' ಎಂದಿದ್ದರೆ ಅದು ಸಾಮಾನ್ಯವಾಗಿ ಐದು ಅಡಿ ಆರು ಇಂಚು, ಅಂದರೆ 167.6 ಸೆಂ.ಮೀ. ದಶಮಾಂಶವೆಂದು ಭಾವಿಸಿದರೆ 170.7 ಆಗಿಬಿಡುತ್ತದೆ. ವಯಸ್ಸನ್ನೂ ಮರೆಯಬೇಡಿ: ಟ್ರಾಟರ್ ಲೆಕ್ಕದಲ್ಲಿ 30ರ ನಂತರ ವರ್ಷಕ್ಕೆ 0.06 ಸೆಂ.ಮೀ. ಕಳೆಯಬೇಕು, 70 ವರ್ಷದವರಿಗೆ ಅದು 2.4 ಸೆಂ.ಮೀ.

7. ಎತ್ತರವೊಂದನ್ನೇ ನಂಬಿ ಹೆಸರು ಹೇಳಬೇಡಿ. ಇಂಟರ್‌ಪೋಲ್ ಮಾರ್ಗಸೂಚಿಯಂತೆ ಗುರುತಿನ ಮುಖ್ಯ ಆಧಾರಗಳು ಬೆರಳಚ್ಚು, ಹಲ್ಲು, ಡಿ.ಎನ್.ಎ. ಯಾರ ಮನೆಯವರ ಡಿ.ಎನ್.ಎ. ಮೊದಲು ಹೋಲಿಸಬೇಕೆಂದು ತಿಳಿಸುವುದೇ ಎತ್ತರದ ಕೆಲಸ.

ಮಗನಿಗಾಗಿ, ತಾಯಿಗಾಗಿ ವರ್ಷಗಟ್ಟಲೆ ಕಾದವರು ನಿಮ್ಮ ವರದಿಯನ್ನು ನಂಬುತ್ತಾರೆ. ಆದ್ದರಿಂದ ಎರಡು ಸಲ ಅಳೆಯಿರಿ, ಇನ್ನೊಬ್ಬರಿಂದ ಒಮ್ಮೆ ಅಳೆಸಿರಿ. ಆಮೇಲಷ್ಟೇ ಸಹಿ ಹಾಕಿ.