ಸೊಸೆ ನಸುಕಿನಲ್ಲಿ ಓಡುತ್ತಾಳೆ, ಊರು ನನ್ನನ್ನು ಕೇಳುತ್ತದೆ

ಪ್ರಶ್ನೆ: ನನಗ ಅರವತ್ತೆರಡು ವರ್ಷ. ಸೊಸಿಗೆ ಮೂವತ್ತಮೂರು, ಎರಡು ಮಕ್ಕಳು, ಸಣ್ಣಾವಗ ಐದು ತುಂಬ್ಯಾವ. ತೂಕ ಇಳಸ್ತೀನಂತ ನಡ್ಯಾಕ ಶುರು ಮಾಡಿದಾಕಿ ಈಗ ಐದಕ್ಕ ಎದ್ದು ಮುಧೋಳ ರೋಡಿಗೆ ಓಡಾಕ ಹೋಗ್ತಾಳ. ಪ್ಯಾಂಟು, ಬೂಟು. ಓಣ್ಯಾಗಿನ ಮಂದಿ ನನ್ನ ನಿಲ್ಲಿಸಿ ಕೇಳ್ತಾರ. ಕಾಲೇಜು ಹುಡುಗ್ಯಾರು ಪೊಲೀಸ್ ಭರ್ತಿಗಂತ ಓಡ್ತಾರ, ಅದು ಬ್ಯಾರೆ. ಇಕಿಗೇನು ನೌಕರಿ ಸಿಗೂದೈತಿ? ಗರ್ಭಚೀಲ ಜಾರತೈತಿ ಅಂತನೂ ಅಂತಾರ. ಈಗ ಬೆಂಗಳೂರಿಗೆ ಹೋಗಿ ಹತ್ತು ಕಿಲೋಮೀಟರ್ ಓಡ್ತೀನಿ ಅನ್ನಾಕ ಹತ್ಯಾಳ. ನಾ ಜಗಳಾಡಾಕಿ ಅಲ್ಲ. ಆಕಿಗೆ ತಿಳಿಸಿ ಹೇಳೂದು ಹ್ಯಾಂಗ? ನನ್ನ ಮೊಣಕಾಲು ನೋವಿಗೂ ಏನರ ಹೇಳ್ರಿ.
– ಹೆಸರು ಬೇಡ, ಲೋಕಾಪುರ

ಉತ್ತರ: ಅಕ್ಕಾವರೇ, ನಿಮ್ಮ ಪತ್ರದಲ್ಲಿ ನೀವು ಬರೆಯದೇ ಬಿಟ್ಟ ಭಯವೊಂದಿದೆ. ಅದೇ ನಿಜವಾದದ್ದು, ಅದರಿಂದಲೇ ಶುರು ಮಾಡುತ್ತೇನೆ. ದೀಪಾವಳಿ ಮುಗಿಯುತ್ತಿದ್ದಂತೆ ನಿಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ತೊಡಗುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ರಸ್ತೆಯ ಮೇಲೆ ಇರುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದಿನ ದೀಪವಿಲ್ಲ, ಹಾಡಿನ ಅಬ್ಬರದಲ್ಲಿ ಡ್ರೈವರನಿಗೆ ಹಿಂದಿನ ಹಾರ್ನೂ ಕೇಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮೂಡುವುದೇ ಏಳರ ಹತ್ತಿರ. ಐದು ಗಂಟೆಯ ಕತ್ತಲಲ್ಲಿ ಆ ರಸ್ತೆಗೆ ಇಳಿಯುವುದು ತಪ್ಪು. ಈ ಮಾತನ್ನು ಸೊಸೆಗೆ ಗಟ್ಟಿಯಾಗಿಯೇ ಹೇಳಿ, ನನ್ನ ಹೆಸರು ಹೇಳಿದರೂ ಸರಿ. ಕಬ್ಬಿನ ಹಂಗಾಮು ಮುಗಿಯುವವರೆಗೆ ಶಾಲೆಯ ಇಲ್ಲವೇ ಕಾಲೇಜಿನ ಮೈದಾನದಲ್ಲಿ ಓಡಲಿ. ರಸ್ತೆಗೇ ಹೋಗಬೇಕಾದರೆ ಬೆಳಕು ಹರಿದ ಮೇಲೆ ಹೋಗಲಿ, ಎದುರಿನ ಗಾಡಿ ಕಣ್ಣಿಗೆ ಕಾಣುವಂತೆ ಬಲಬದಿಯಲ್ಲಿ ಓಡಲಿ. ತಿಳಿಬಣ್ಣದ ಅಂಗಿ ಇರಲಿ, ಕಿವಿಗೆ ಇಯರ್‌ಫೋನ್ ಬೇಡ. ಯಾವ ದಾರಿ ಹಿಡಿದಿದ್ದೇನೆಂದು ಮನೆಯಲ್ಲಿ ಹೇಳಿ ಹೋಗಲಿ. ತೋಟದ ಮನೆಯ ಮುಧೋಳ ನಾಯಿ ಬೆನ್ನು ಹತ್ತಿದರೆ ಓಡದೆ ನಿಂತುಬಿಡಲಿ. ಆ ತಳಿಯನ್ನು ಓಟದಲ್ಲಿ ಸೋಲಿಸುತ್ತೇನೆ ಅನ್ನುವ ಹುಚ್ಚು ಬೇಡ.

ಆದರೆ ಬೆಳಕು ಹರಿದ ಮೇಲೆ ಓಡಲು ಹೋದರೆ ಎಮ್ಮೆ ಕರೆಯುವವರು ಯಾರು, ಹುಡುಗರಿಗೆ ಬುತ್ತಿ ಕಟ್ಟುವವರು ಯಾರು? ಐದಕ್ಕೇ ಏಳುತ್ತಿರುವುದು ಕತ್ತಲೆ ಇಷ್ಟವಾಗಿ ಅಲ್ಲ, ಅಷ್ಟರೊಳಗೆ ಮಾತ್ರ ಅವಳಿಗೆ ಬಿಡುವಿದೆ. ನಿಮ್ಮ ಪತ್ರದಲ್ಲಿ ಓಣಿಯ ಮಂದಿ ಇದ್ದಾರೆ, ಮೊಮ್ಮಕ್ಕಳಿದ್ದಾರೆ, ಮಗ ಎಲ್ಲೂ ಇಲ್ಲ. ವಾರದಲ್ಲಿ ನಾಲ್ಕು ದಿನ ಹಾಲು ಕರೆದು ಚಹಾಕ್ಕೆ ಇಡುವ ಕೆಲಸವನ್ನು ಅವನಿಗೆ ಹಚ್ಚಿ. ಸೊಸೆ ಹೇಳಿದರೆ ಅದು ಜಗಳವಾದೀತು, ತಾಯಿ ಹೇಳಿದರೆ ಕೆಲಸವಾಗುತ್ತದೆ.

ಗರ್ಭಚೀಲದ ಮಾತು ಲೋಕಾಪುರದ್ದಷ್ಟೇ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಟ ನಡೆಯಿತು. ಇಷ್ಟು ದೂರ ಹೆಂಗಸರ ಮೈಗೆ ಒಗ್ಗದು ಎಂದು ಗಂಡಸರು ತೀರ್ಮಾನಿಸಿ ಅದನ್ನು ತೆಗೆದುಹಾಕಿದರು, ಅದು ಮರಳಿ ಬಂದದ್ದು 1960ರಲ್ಲಿ. 1967ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಮ್ಯಾರಥಾನ್ ಓಡುತ್ತಿದ್ದಾಗ ಸಂಘಟಕನೊಬ್ಬ ಹಿಡಿದೆಳೆದು ಹೊರಗೆ ಹಾಕಲು ನೋಡಿದ. ಅವಳಿಗೂ ಜನ ಇದೇ ಗರ್ಭಕೋಶದ ಭಯ ಹುಟ್ಟಿಸಿದ್ದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಗರ್ಭಕೋಶ ಜಾರುವುದಕ್ಕೆ ಮುಖ್ಯ ಕಾರಣಗಳು ಕಷ್ಟದ ಹೆರಿಗೆಗಳು, ಬಾಣಂತನ ಮುಗಿಯುವ ಮೊದಲೇ ಭಾರ ಎತ್ತುವುದು, ವರ್ಷಗಟ್ಟಲೆ ಮಲಬದ್ಧತೆ, ಬಿಡದ ಕೆಮ್ಮು. ತುಂಬಿದ ಕೊಡ ಹೊರುವಾಗ ಯಾರೂ ಈ ಭಯ ಎತ್ತಿದ್ದನ್ನು ನಾನು ಕೇಳಿಲ್ಲ. ಓಡುವಾಗ ಮೂತ್ರ ಸೋರಿದರೆ, ಕೆಳಗೆ ಭಾರ ಎನಿಸಿದರೆ ಮಾತ್ರ ತಡಮಾಡದೆ ಸ್ತ್ರೀರೋಗ ವೈದ್ಯರಿಗೆ ತೋರಿಸಲಿ.

ನಾನು ಕೇಳುವುದಾದರೆ ರಕ್ತದ ಬಗ್ಗೆ ಕೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸರಕಾರಿ ದವಾಖಾನೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಔಷಧ, ಆಮೇಲೆ ಹತ್ತು ಕಿಲೋಮೀಟರ್. ಸಜ್ಜಿ ರೊಟ್ಟಿ, ಸೊಪ್ಪಿನ ಪಲ್ಲೆ, ಶೇಂಗಾ ಹಿಂಡಿ ನಿಮ್ಮ ಮನೆಯಲ್ಲೇ ಇವೆ. ಊಟದ ಬೆನ್ನಿಗೇ ಚಹಾ ಕುಡಿಯುವುದು ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ.

ಇನ್ನು ನೌಕರಿಯ ಮಾತು. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಹೆಂಗಸರು ಓಡಬೇಕಾದದ್ದು ಎರಡು ನಿಮಿಷದಲ್ಲಿ 400 ಮೀಟರ್. ಗಡಿ ಕಾಯುವ ಕೇಂದ್ರ ಪಡೆಗಳಿಗಾದರೆ ಎಂಟೂವರೆ ನಿಮಿಷದಲ್ಲಿ 1.6 ಕಿಲೋಮೀಟರ್. ದಿನಾ ಮುಧೋಳ ರಸ್ತೆ ಹಿಡಿಯುವ ನಿಮ್ಮ ಸೊಸೆಗೆ ಆ ದೂರ ದೊಡ್ಡದಲ್ಲ. ಆದರೂ ಆ ಹುಡುಗಿಯರನ್ನು ಓಣಿ ಒಪ್ಪಿಕೊಂಡಿತು, ಇವಳನ್ನು ಒಪ್ಪಲಿಲ್ಲ.

ನಿಮ್ಮ ಕಡೆಯಿಂದ ವರ್ಷಾ ವರ್ಷಾ ಎಷ್ಟು ಹೆಂಗಸರು ಯುಗಾದಿಗೆ ಮುಟ್ಟುವಂತೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ! ನೂರಾರು ಕಿಲೋಮೀಟರ್, ಸುಡು ಬಿಸಿಲು, ಅಂಗಾಲಲ್ಲಿ ಗುಳ್ಳೆ, ರಾತ್ರಿ ದಾರಿ ಬದಿಯಲ್ಲಿ ಮಲಗುವುದು. ಸವದತ್ತಿ ಯಲ್ಲಮ್ಮನಿಗೆ ನಡೆದು ಹೋಗುವವರಿಗೆ ಲೆಕ್ಕವಿಲ್ಲ. ನೀವೂ ಹೋಗಿರಬಹುದು. ಹೆಂಗಸರು ದೂರ ಹೋದರೆಂದು ಯಾರೂ ಅತ್ತೆಯಂದಿರನ್ನು ನಿಲ್ಲಿಸಿ ಕೇಳುವುದಿಲ್ಲ, ನೀರು, ಮಜ್ಜಿಗೆ ಕೊಟ್ಟು ಕಾಲು ಮುಟ್ಟುತ್ತಾರೆ. ದಾರಿಯ ಕೊನೆಗೆ ದೇವರಿದ್ದರೆ ನಡೆಯುತ್ತದೆ, ನೌಕರಿ ಇದ್ದರೂ ನಡೆಯುತ್ತದೆ. ನಿಮ್ಮ ಸೊಸೆಯ ದಾರಿಯ ಕೊನೆಗೆ ಇರುವವಳು ಅವಳೊಬ್ಬಳೇ. ಓಣಿಗೆ ನುಂಗಲಾಗದ್ದು ಅದು. ಬೂಟು, ಪ್ಯಾಂಟು ಬರೀ ನೆಪ. ಬಾರಾಮತಿಯ ಲತಾ ಕರೆ ಅರವತ್ತು ದಾಟಿದ ಮೇಲೆ ಕಚ್ಚೆ ಸೀರೆಯಲ್ಲಿ, ಬರಿಗಾಲಲ್ಲಿ ಓಡಿ ಗೆದ್ದರು. ಜನ ಮೆಚ್ಚಿದರು, ಸಿನಿಮಾ ಕೂಡ ಬಂತು. ಆದರೆ ಆಕೆಯೂ ಓಡಿದ್ದು ಗಂಡನ ಆಸ್ಪತ್ರೆ ಖರ್ಚಿಗಾಗಿ. ಯಾರಿಗಾಗಿಯೂ ಅಲ್ಲದೆ ಓಡುವವಳಿಗೆ ಚಪ್ಪಾಳೆ ಸಿಗುವುದು ತಡ.

ಆದ್ದರಿಂದ ತಿಳಿಸಿ ಹೇಳಬೇಕಾದದ್ದು ಸೊಸೆಗಲ್ಲ. ಮುಂದಿನ ಸಲ ಓಣಿಯಲ್ಲಿ ಯಾರಾದರೂ ಕೇಳಿದರೆ, "ಹೌದ್ರೀ, ಓಡ್ತಾಳ, ನಾನೇ ಕಳಸೇನಿ" ಅನ್ನಿ. ಅತ್ತೆಯೇ ಹಾಗಂದ ಮೇಲೆ ಮಾತು ಬೆಳೆಯುವುದಿಲ್ಲ.

ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಿಂದ ನಡೆಯುತ್ತಿದೆ, ಮನೆವಾರ್ತೆಯ ಹೆಂಗಸರು ಸಾವಿರಗಟ್ಟಲೆ ಓಡುತ್ತಾರೆ. ಮೂರು ತಿಂಗಳು ಮೊದಲೇ ತಯಾರಿ ಹಿಡಿಯಲಿ, ವಾರಕ್ಕೆ ನಾಲ್ಕೇ ದಿನ ಓಟ, ದೂರ ಏರುವುದು ನಿಧಾನವಾಗಿ. ದಣಿದಾಗ ನಡೆದರೆ ನಾಚಿಕೆಯೇನಿಲ್ಲ. ಬಾಗಲಕೋಟೆಯಿಂದ ರೈಲಿದೆ, ಮಗನೂ ಜೊತೆಗೆ ಹೋಗಿ ಬರಲಿ.

ನಿಮ್ಮ ಮೊಣಕಾಲು: ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸಿ, ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂಡ್ರುವುದನ್ನು ಕಡಿಮೆ ಮಾಡಿ. ಮೊಣಕಾಲು ಬಾತು ಬಿಸಿಯಾಗಿದ್ದರೆ ಡಾಕ್ಟರಿಗೆ ತೋರಿಸಿ, ಇಲ್ಲದಿದ್ದರೆ ದಿನಾ ಸಪಾಟು ನೆಲದಲ್ಲಿ ಇಪ್ಪತ್ತು ನಿಮಿಷ ನಡೆಯಿರಿ. ಸೊಸೆ ಓಡುವ ಮೈದಾನವಾದರೂ ಆದೀತು.